ಈ ಮಾರ್ಗದ ಎಲ್ಲ ಲೈನುಗಳು

ದೇವಾನಂದ ಏನು ಕೆಲಸ ಮಾಡುತ್ತಾನೆ ಎಂದು ಪುಣೆಯ ಖಡಕಿಯ ಓಣಿಯಲ್ಲಿ ಯಾರಾದರೂ ಕೇಳಿದರೆ ಅವನ ತಾಯಿ ಯಮನವ್ವ, "ಅಂವ ಫೋನಿನ ಬಾಗಲಾ ಕಾಯ್ತಾನ" ಎನ್ನುತ್ತಿದ್ದಳು. ಡಿಪ್ಲೊಮಾ ಓದಿ ಎಂಜಿನಿಯರ್ ಆದ ಮಗನಿಗೆ ಮೊದಮೊದಲು ಇದರಿಂದ ನಾಚಿಕೆಯಾಗುತ್ತಿತ್ತು. ಆಮೇಲೆ ಅವನಿಗೂ ಅನ್ನಿಸಿತು, ಇದಕ್ಕಿಂತ ಸರಿಯಾಗಿ ಹೇಳಲು ತನಗೂ ಬರುವುದಿಲ್ಲ ಎಂದು.

ಪುಣೆಯ ಮನೆಮನೆಗಳ, ಅಂಗಡಿಗಳ, ಶಾಲೆಗಳ ಹಳೆಯ ಫೋನುಗಳೆಲ್ಲ ಬಹುಪಾಲು ದಖನ್ ದೂರವಾಣಿ ಎಂಬ ಕಂಪನಿಯವು. ದೇವಾನಂದ ಆ ಕಂಪನಿ ಸೇರಿದ್ದು ತೊಂಬತ್ನಾಲ್ಕರಲ್ಲಿ. ಆಗ ಫೋನು ಬೇಕೆಂದರೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು, ಲೈನ್‌ಮನ್ ಮನೆಗೆ ಬಂದರೆ ಅಳಿಯ ಬಂದ ಹಾಗೆ ಉಪಚಾರ ಮಾಡುತ್ತಿದ್ದರು. ಹತ್ತು ವರ್ಷ ತುಂಬುವುದರೊಳಗೆ ಎಲ್ಲ ತಲೆಕೆಳಗಾಯಿತು. ಮೊಬೈಲ್ ಕಂಪನಿಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಎಲ್ಲರಿಗಿಂತ ಜೋರಾಗಿ ಬಂದದ್ದು ತರಂಗ್ ಮೊಬೈಲ್. ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆಯಲ್ಲಿ, ಮೊಬೈಲಿಗೆ ಬರುವ ಕರೆಗೆ ದುಡ್ಡಿಲ್ಲ ಎಂದಾದ ಮೇಲಂತೂ ತರಕಾರಿ ಮಾರುವವರ ಕೈಯಲ್ಲೂ ಅದು ಕಾಣಿಸತೊಡಗಿತು.

ಹಳೆಯ ಫೋನಿನಿಂದ ತರಂಗ್ ಮೊಬೈಲಿಗೆ ಕರೆ ಮಾಡಿದರೆ ಆ ಕರೆ ಒಂದು ಕಂಪನಿಯ ಜಾಲದಿಂದ ಇನ್ನೊಂದರ ಜಾಲಕ್ಕೆ ದಾಟಬೇಕು. ದಾಟುವ ಜಾಗವೇ ಇಂಟರ್‌ಕನೆಕ್ಟ್. ಅಲ್ಲಿ ಎಷ್ಟು ದಾರಿ ತೆರೆದಿವೆಯೋ ಅಷ್ಟೇ ಕರೆಗಳು ಒಮ್ಮೆಗೆ ದಾಟಬಹುದು. ಉಳಿದವು ಹೊಸ್ತಿಲಲ್ಲೇ ಸಾಯುತ್ತವೆ. ಕ್ಯಾಂಪ್ ಪ್ರದೇಶದ ಕಚೇರಿಯ ಮೂರನೇ ಮಹಡಿಯಲ್ಲಿ ಕೂತು ದೇವಾನಂದ ನೋಡಿಕೊಳ್ಳುತ್ತಿದ್ದ ಬಾಗಿಲು ಇದೇ.

ತರಂಗ್‌ನವರು ಇನ್ನಷ್ಟು ದಾರಿ ಕೇಳಿ ಬಹಳ ಕಾಲವಾಗಿತ್ತು. ದಾರಿಗಳು ಸಿದ್ಧವೂ ಇದ್ದವು. ತಂತಿ ಎಳೆದಾಗಿತ್ತು, ಪರೀಕ್ಷೆ ಮುಗಿದಿತ್ತು, ಆ ಕಡೆಯವರು ತಮ್ಮ ತುದಿಯನ್ನು ತೆರೆದಿಟ್ಟು ಕಾಯುತ್ತಿದ್ದರು. ಯಂತ್ರದ ಕೋಣೆಯ ಕಂಪ್ಯೂಟರಿನಲ್ಲಿ ಬಂದ್ ಎಂದಿದ್ದುದನ್ನು ಚಾಲೂ ಮಾಡುವುದಷ್ಟೇ ಬಾಕಿ. ಅದಕ್ಕೆ ಮೇಲಿನಿಂದ ಅಪ್ಪಣೆ ಬರಬೇಕು. ಅದು ಬರುತ್ತಿರಲಿಲ್ಲ.

ಅವನ ಮೇಲಧಿಕಾರಿ ಸದಾನಂದ ವಿಜಾಪುರದ ಕಡೆಯವರು. ಕೋಣೆಯ ಬಾಗಿಲು ಹಾಕಿಕೊಂಡರೆ ಇಬ್ಬರದೂ ಕನ್ನಡವೇ. ಒಮ್ಮೆ ದೇವಾನಂದ ವಾರದ ವರದಿಯಲ್ಲಿ ತರಂಗ್ ಮಾರ್ಗದಲ್ಲಿ ಭಾರೀ ಕಂಜೆಶನ್, ಅಂದರೆ ಕರೆಗಳ ದಟ್ಟಣೆ, ಇದೆ ಎಂದು ಬರೆದಾಗ ಅವರು ಕೆಂಪು ಪೆನ್ನಿನಿಂದ ಆ ಪದ ಹೊಡೆದುಹಾಕಿದರು.

"ಈ ಶಬ್ದ ಅವರದು. ನಮ್ಮದಲ್ಲ."

"ಮತ್ತ ನಾವು ಏನಂತ ಬರೀಬೇಕ್ರಿ ಸರ್?"

"ಫೇಸ್ಡ್ ಪ್ರೊವಿಜನಿಂಗ್ ಅಂತ ಬರಿ. ಹಂತ ಹಂತವಾಗಿ ಕೊಡ್ಲಿಕತ್ತೀವಿ ಅಂತ ಅರ್ಥ."

"ಮುಂದಿನ ಹಂತ ಯಾವಾಗ್ರಿ?"

ಸದಾನಂದ ಪೆನ್ನಿನ ಮುಚ್ಚಳ ಹಾಕುತ್ತಾ ಸಣ್ಣಗೆ ನಕ್ಕರು. "ಅದನ್ನ ಕೇಳಬಾರದು ಅಂತನs ಹಂತ ಅನ್ನೋದು."

ಸದಾನಂದ ಕೆಟ್ಟವರೇನಲ್ಲ. ನಲವತ್ತು ದಾಟಿದವರಿಗೆ ಸ್ವಯಂನಿವೃತ್ತಿ ಕೊಡುತ್ತಾರಂತೆ ಎಂಬ ಸುದ್ದಿ ಕಚೇರಿಯಲ್ಲಿ ಹಬ್ಬಿತ್ತು. ಅವರಿಗೆ ಓದುವ ಇಬ್ಬರು ಹೆಣ್ಣುಮಕ್ಕಳಿದ್ದರು. ದೇವಾನಂದನಿಗೂ ಅಂಜಿಕೆ ಇತ್ತು, ಆದರೆ ಅದರ ಜಾತಿಯೇ ಬೇರೆ. ಅವನ ಹೆಂಡತಿ ಮಾಯಾ ಕೆಲಸ ಮಾಡುತ್ತಿದ್ದದ್ದು ತರಂಗ್ ಮೊಬೈಲಿನಲ್ಲೇ. ವಿಮಾನ ನಗರದ ಗಾಜಿನ ಕಟ್ಟಡದಲ್ಲಿ, ಗ್ರಾಹಕರ ತಕರಾರು ಕೇಳುವ ವಿಭಾಗದಲ್ಲಿ. ಊಟದ ಹೊತ್ತಿಗೆ ಯಾರಾದರೂ, "ಕಾಯ ದೇವಾನಂದ, ವಹಿನಿ ಕಾಯ ಮ್ಹಣತಾತ?" ಅತ್ತಿಗೆ ಏನಂತಾರೆ ಎಂದು ನಗುತ್ತಾ ಕೇಳುತ್ತಿದ್ದರು. ಒಳಗಿನ ಸುದ್ದಿ ಹೆಂಡತಿಗೆ ಹೇಳುತ್ತಾನೇನೋ ಎಂಬ ಅನುಮಾನ ಆ ನಗೆಯ ಹಿಂದಿದೆ ಎಂದು ಅವನಿಗೆ ಗೊತ್ತಿತ್ತು. ಅವನೂ ನಗುತ್ತಿದ್ದ. ಹೀಗಾಗಿ ಬಾಗಿಲಿನ ವಿಷಯ ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲ.

ಎತ್ತುತ್ತಿದ್ದವಳು ಮಾಯಾ. ಸೋಲಾಪುರದವಳು, ಮಾತು ಒಳಗಿಟ್ಟುಕೊಳ್ಳುವ ಜಾಯಮಾನದವಳಲ್ಲ.

"ಈ ತಿಂಗಳ ಚರ್ನ್ ಭಾಳ ಆಗ್ಯದ ಅಂತ ನಮ್ಮ ಮ್ಯಾನೇಜರ್ ಇವತ್ತ ಕುಣದ್ರು" ಎಂದಳು ಒಂದು ಸಂಜೆ, ರೊಟ್ಟಿ ಬಡಿಯುತ್ತ ಕೂತಿದ್ದ ಅತ್ತೆಯ ಪಕ್ಕದಲ್ಲಿ ಮೆಂತೆ ಸೋಸುತ್ತಾ.

"ಚರ್ನ್ ಅಂದ್ರ?" ಯಮನವ್ವ ಕೇಳಿದಳು.

"ಗಿರಾಕಿ ನಮ್ಮನ್ನ ಬಿಟ್ಟು ಬ್ಯಾರೆ ಕಂಪನಿಗೆ ಹೋಗೋದು, ಅತ್ತಿ. ಇಂಗ್ಲಿಷಿನಾಗ ಮಜ್ಜಿಗಿ ಕಡಿಯೋದಕ್ಕೂ ಅದs ಶಬ್ದ."

"ಮಂದಿನ್ನ ಕಡದ್ರ ಬೆಣ್ಣಿ ಬರತದೇನ?"

ಒಂದನೇ ಇಯತ್ತೆಯಲ್ಲಿ ಓದುತ್ತಿದ್ದ ಮಗಳು ಆರತಿಗೆ ಇದು ಎಷ್ಟು ನಗು ತಂದಿತೆಂದರೆ ಆಕೆ ನೆಲದ ಮೇಲೆ ಉರುಳಾಡಿದಳು. ಮಾಯಾ ಮಾತ್ರ ನಗಲಿಲ್ಲ. ಗಂಡನ ಕಡೆ ತಿರುಗಿ, "ಯಾಕ ಬಿಡ್ತಾರ ಗೊತ್ತದ ಏನ್ರಿ? ಮನಿ ಫೋನಿನಿಂದ ನಮ್ಮ ಮೊಬೈಲಿಗೆ ಹತ್ತಂಗಿಲ್ಲ. ದಿನಾ ನೂರಾರು ಮಂದಿ ಬೈತಾರ. ಅದರ್ ಎಂಡ್ ಇಶ್ಯೂ ಅದ, ತಪ್ಪು ಆ ಕಡೀದು ಅಂತ ಹೇಳ್ರಿ ಅಂತ ನಮಗ ಕಲಿಸ್ಯಾರ. ಆ ಅದರ್ ಎಂಡ್ ಅಂದ್ರ ಯಾರು? ನೀವs" ಎಂದಳು.

"ನಿಮ್ಮವ್ರು ಲೆಕ್ಕಾ ಇಲ್ಲದಂಗ ಕನೆಕ್ಷನ್ ಮಾರ್ಯಾರಲ್ಲ, ಅದಕ್ಕೇನಂತಾರ?"

"ಗ್ರೋಥ್ ಅಂತಾರ."

"ನಮ್ಮಲ್ಲಿ ಅದಕ್ಕ ಬೇಜವಾಬ್ದಾರಿ ಅಂತಾರ."

"ಹೌದ್ರಿ, ನಿಮ್ಮಲ್ಲಿ ಎಲ್ಲಾಕ್ಕೂ ಒಂದೊಂದ ಚಂದದ ಹೆಸರು ಅದ."

ಅಲ್ಲಿಗೆ ಮಾತು ನಿಂತಿತು. ದಾರಿಗಳು ಸಿದ್ಧವಿದ್ದೂ ಮುಚ್ಚಿವೆ ಎಂದು ಅವನು ಹೇಳಲಿಲ್ಲ. ಹೇಳಿದರೆ ನಾಳೆ ಅದು ವಿಮಾನ ನಗರದ ಯಾವುದಾದರೂ ಮೀಟಿಂಗಿನಲ್ಲಿ ಹೊರಬಿದ್ದು, ಮಾತಿನ ಜಾಡು ಹಿಡಿದು ನೇರ ತನ್ನ ಮೇಜಿಗೆ ಬರುತ್ತದೆ ಎಂಬ ಹೆದರಿಕೆ.

ಜುಲೈ ಕೊನೆಗೆ ಮಳೆ ಹಿಡಿದುಕೊಂಡಿತು. ಮುಳಾ ನದಿ ತುಂಬಿ ಸೇತುವೆಯ ಕಾಲು ನೆಕ್ಕುತ್ತಿತ್ತು. ಆ ಮಂಗಳವಾರ ಮುಂಬಯಿಯಿಂದ ದಖನ್ ದೂರವಾಣಿಯ ದೊಡ್ಡ ಸಾಹೇಬರು ಬಂದಿದ್ದರು. ಮಧ್ಯಾಹ್ನದ ಊಟ ಆಗುತ್ತಿದ್ದಂತೆ ಮೀಟಿಂಗ್ ಶುರುವಾಯಿತು. ಮೊಬೈಲುಗಳನ್ನು ಹೊರಗೆ ಇಟ್ಟು ಬನ್ನಿ ಎಂದು ಮೊದಲೇ ಹೇಳಿದ್ದರು. ಗೋಡೆಯ ಮೇಲೆ ಬೆಳಕಿನ ಚಿತ್ರಗಳು ಬಂದು ಹೋದವು. ದರದ ಒಪ್ಪಂದ, ಲೈಸೆನ್ಸು, ದಿಲ್ಲಿಯ ನಿಯಂತ್ರಣ ಪ್ರಾಧಿಕಾರದ ಮುಂದೆ ತರಂಗ್ ಜೊತೆ ನಡೆಯುವ ವಾದ. ತರಂಗ್‌ಗೆ ದಾರಿ ಕೊಡುವ ವಿಷಯ ಬಂದಾಗ ಸಾಹೇಬರು ಕುರ್ಚಿಗೆ ಒರಗಿ, ಬಹಳ ಸಮಾಧಾನದಿಂದ ಇಂಗ್ಲಿಷಿನಲ್ಲಿ ಹೇಳಿದರು: ಅವರ ಪೇನ್ ಪಾಯಿಂಟ್ ನಮ್ಮ ಲೆವರೇಜ್.

ಅವರಿಗೆ ಎಲ್ಲಿ ನೋಯುತ್ತದೋ ಅಲ್ಲೇ ನಮ್ಮ ಸನ್ನೆಗೋಲು. ಎಲ್ಲರೂ ಬರೆದುಕೊಂಡರು. ದೇವಾನಂದನೂ ಬರೆದುಕೊಂಡ. ಮಾತು ಎಷ್ಟು ಚೊಕ್ಕವಾಗಿತ್ತೆಂದರೆ ಅದರಲ್ಲಿ ಮನುಷ್ಯರು ಇದ್ದಾರೆ ಎಂದೇ ಅನ್ನಿಸುತ್ತಿರಲಿಲ್ಲ.

ಮೀಟಿಂಗು ಮುಗಿದು ತನ್ನ ಮೇಜಿಗೆ ಬಂದಾಗ ಮೂರೂವರೆ ದಾಟಿತ್ತು. ಫೋನು ಹೊಡೆದುಕೊಳ್ಳುತ್ತಿತ್ತು. ಯಮನವ್ವ.

"ದೇವ್ಯಾ, ಆರತಿ ನಿನ್ನ ಕಡಿ ಬಂದಾಳೇನೋ?"

"ನನ್ನ ಕಡಿ ಯಾಕ ಬರ್ತಾಳವ್ವ? ಸಾಲಿಯಿಂದ ಬಂದಿಲ್ಲೇನು?"

"ಇಲ್ಲೋ. ನಾ ದವಾಖಾನಿಗೆ ಹೋಗಿದ್ದೆ, ನಮ್ಮೂರ ಹುಸೇನಪ್ಪ ಕಟ್ಟಡದಾಗ ಬಿದ್ದು ಕಾಲ ಮುರಕೊಂಡಾನ ಅಂತ. ಮೂರಕ್ಕ ಆರತಿ ಬರೋದ್ರಾಗ ಬಂದಿರತೀನಿ ಅಂತ ಹೋದೆ. ಬಂದು ನೋಡಿದ್ರ ಆಟೋ ಬಂದಿಲ್ಲ. ಬಾಜೂ ಮನಿಯಾಕಿ ಹೇಳಿದ್ಲು, ಸಾಲಿ ಹನ್ನೆರಡಕ್ಕs ಬಿಟ್ಟದಂತ, ನೀರ ಬಂತು ಅಂತ."

ಹನ್ನೆರಡು. ದೇವಾನಂದ ಗೋಡೆಯ ಗಡಿಯಾರ ನೋಡಿದ.

ಅವನು ಶಾಲೆಗೆ ಫೋನು ಮಾಡಿದ. ಗುಮಾಸ್ತೆ ಹೆಂಗಸಿಗೆ ಆಗಲೇ ಅಳು ಬರುವಂತಿತ್ತು. ಮರಾಠಿಯಲ್ಲಿ ಒಂದೇ ಉಸಿರಿಗೆ ಹೇಳಿದಳು: ಮೈದಾನಕ್ಕೆ ನೀರು ನುಗ್ಗಿದ್ದರಿಂದ ಬೇಗ ಬಿಟ್ಟೆವು, ಎಲ್ಲ ಮನೆಗಳಿಗೂ ಫೋನು ಮಾಡಿದೆವು, ನಿಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ, ನಿಮ್ಮ ಮಿಸೆಸ್ ಮೊಬೈಲ್ ಹತ್ತಲೇ ಇಲ್ಲ, ನಿಮ್ಮ ಆಫೀಸಿನ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು. ಆರತಿಯನ್ನು ಇಲ್ಲೇ ಬೆಂಚಿನ ಮೇಲೆ ಕೂರಿಸಿದ್ದೆ. ಮಿಕ್ಕ ಮಕ್ಕಳ ಪಾಲಕರು ಬಂದಾಗ ಗದ್ದಲ. ತಿರುಗಿ ನೋಡಿದರೆ ಆರತಿ ಇಲ್ಲ. ಯಾರಾದರೂ ಪರಿಚಯದವರು ಕರೆದುಕೊಂಡು ಹೋಗಿರಬೇಕು ಅಂದುಕೊಂಡೆ.

ಆಫೀಸಿನ ನಂಬರು ಹೋದ ವರ್ಷ ಬದಲಾಗಿತ್ತು, ಅವನ ಕೈಗೆ ಮೊಬೈಲು ಬಂದದ್ದೂ ಆಮೇಲೆ. ಶಾಲೆಗೆ ತಿಳಿಸಬೇಕು ಎಂದುಕೊಂಡದ್ದು ಹಾಗೇ ಉಳಿದಿತ್ತು.

ಮಾಯಾಳೇ ಕರೆದುಕೊಂಡು ಹೋಗಿರಬಹುದು. ಶಾಲೆ ಬೇಗ ಬಿಟ್ಟದ್ದು ಅವಳಿಗೆ ಹೇಗೋ ತಿಳಿದು ಹೋಗಿರಬಹುದು. ಅವನು ಆ ಆಸೆಯನ್ನು ಗಟ್ಟಿ ಹಿಡಿದುಕೊಂಡು ಅವಳ ಮೊಬೈಲಿಗೆ ತಿರುಗಿಸಿದ.

"ಯಾ ಮಾರ್ಗಾವರೀಲ ಸರ್ವ ಲಾಯಿನೀ ವ್ಯಸ್ತ ಆಹೇತ. ಕೃಪಯಾ ಥೋಡ್ಯಾ ವೇಳಾನೆ..."

ಈ ಮಾರ್ಗದ ಎಲ್ಲ ಲೈನುಗಳು ಕಾರ್ಯನಿರತವಾಗಿವೆ, ದಯವಿಟ್ಟು ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ. ಮೊದಲೇ ಧ್ವನಿಮುದ್ರಿಸಿಟ್ಟ ಆ ಹೆಣ್ಣು ದನಿಯನ್ನು ಅವನು ಪರೀಕ್ಷೆಗೆಂದು ಎಷ್ಟೋ ಸಲ ಕೇಳಿದ್ದ. ಸ್ಪಷ್ಟವಾಗಿದೆ ಎಂದು ಸಹಿ ಹಾಕಿದವನೂ ಅವನೇ. ಮತ್ತೆ ತಿರುಗಿಸಿದ. ಅದೇ ದನಿ. ಮತ್ತೆ. ತರಂಗ್ ಕಚೇರಿಯ ಫೋನುಗಳಿಗೆ ಮಾಡೋಣವೆಂದರೆ ಅವೂ ಅವರದೇ ಜಾಲದವು. ಎದುರಾಳಿಯ ಫೋನನ್ನು ಅವರು ತಮ್ಮ ಕಟ್ಟಡದಲ್ಲಿ ಇಟ್ಟುಕೊಂಡಿರಲಿಲ್ಲ. ಅವನ ಮೊಬೈಲು ದಖನ್ ದೂರವಾಣಿಯದು. ಅದಕ್ಕೂ ಇದೇ ಬಾಗಿಲು. ಈ ಕಟ್ಟಡದಲ್ಲಿ ತರಂಗ್ ಮೊಬೈಲು ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ?

ಕಿಟಕಿಯಾಚೆ ಮಳೆ ಬಿಳಿಯಾಗಿ ಸುರಿಯುತ್ತಿತ್ತು. ಆರು ವರ್ಷದ ಮಗು. ಶಾಲೆಯಿಂದ ಮನೆಗೆ ಬರುವ ದಾರಿಯಲ್ಲಿ ರೈಲು ಹಳಿ, ಅದರ ಪಕ್ಕದಲ್ಲಿ ತೆರೆದ ನಾಲೆ. ಇಂಥ ನೀರಿನಲ್ಲಿ ನಾಲೆ ಯಾವುದು ರಸ್ತೆ ಯಾವುದು ದೊಡ್ಡವರಿಗೇ ತಿಳಿಯುವುದಿಲ್ಲ. ಮತ್ತೆ ತಿರುಗಿಸಿದ. ವ್ಯಸ್ತ ಆಹೇತ.

ಅವನು ರಿಸೀವರ್ ಇಟ್ಟು ಎದ್ದ. ಯಂತ್ರದ ಕೋಣೆ ಹಜಾರದ ಕೊನೆಯಲ್ಲಿತ್ತು. ಒಳಗೆ ಪಾಳಿಯಲ್ಲಿದ್ದವನು ಅಂಬಾದಾಸ, ಅಕ್ಕಲಕೋಟೆಯ ಕಡೆಯ ಹೊಸ ಮದುವೆಯ ಗಂಡು. ದೇವಾನಂದನ ಮುಖ ನೋಡಿಯೇ ಅವನು ಎದ್ದುನಿಂತ.

"ಏನಾತ್ರಿ ಸಾಹೇಬ್ರ?"

"ಆ ಕುರ್ಚಿ ಬಿಡು. ತರಂಗ್ ಲೈನು ತಗೀತೀನಿ."

"ಆರ್ಡರ್ ಬಂತೇನ್ರಿ?"

"ಇಲ್ಲ."

ಅಂಬಾದಾಸ ಕದಲಲಿಲ್ಲ. ದೇವಾನಂದ ದನಿ ತಗ್ಗಿಸಿ ಹೇಳಿದ: "ನನ್ನ ಮಗಳು ಸಿಗವಲ್ಲಳು, ಅಂಬಾದಾಸ. ನೀ ಹೊರಗ ಹೋಗು. ನೀ ಇಲ್ಲಿ ಇರಲಿಲ್ಲ. ಚಹಾಕ್ಕ ಹೋಗಿದ್ದಿ."

ಅಂಬಾದಾಸ ಒಂದು ಕ್ಷಣ ಅವನನ್ನೇ ನೋಡಿ ಕುರ್ಚಿಯನ್ನು ಅವನ ಕಡೆ ಸರಿಸಿದ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಅವಸರದಲ್ಲಿ ಮೊದಲ ಸಲ ಗುಪ್ತಪದವೇ ತಪ್ಪಾಯಿತು. ಎರಡನೇ ಸಲ ಒಳಗೆ ಬಿಟ್ಟಿತು. ಬಂದ್ ಎಂದಿದ್ದ ಸಾಲುಗಳನ್ನು ಒಟ್ಟಿಗೆ ಆರಿಸಿ ಆಜ್ಞೆ ಬರೆದ. ಖಚಿತವೇ ಎಂದು ಯಂತ್ರ ಕೇಳಿತು. ಅವನು ಹೌದು ಎಂದ. ಎದುರಿನ ಕಪಾಟಿನಲ್ಲಿ ಕತ್ತಲಾಗಿದ್ದ ಹಸಿರು ದೀಪಗಳು ಒಂದೊಂದೇ ಹೊತ್ತಿಕೊಂಡವು. ಪರದೆಯ ಮೇಲೆ ಕರೆಗಳು ತುಂಬತೊಡಗಿದವು, ಕಟ್ಟೆ ಒಡೆದ ನೀರಿನ ಹಾಗೆ. ಅಷ್ಟು ಜನ ಹೊರಗೆ ನಿಂತಿದ್ದರೇ ಎಂದು ಅವನು ಬೆಕ್ಕಸಬೆರಗಾದ. ದಿನಾ ಅಂಕಿಗಳಾಗಿ ನೋಡಿದ್ದು ಬೇರೆ, ಇದು ಬೇರೆ.

ಅಲ್ಲೇ ಇದ್ದ ಫೋನಿನಿಂದ ಮಾಯಾಳಿಗೆ ತಿರುಗಿಸಿದ.

ಈ ಸಲ ಹೆಣ್ಣು ದನಿ ಬರಲಿಲ್ಲ. ಟೂಂ, ಟೂಂ, ಟೂಂ ಎಂದು ಬಂತು. ಅದು ಬಾಗಿಲಿನ ಸದ್ದಲ್ಲ. ಕರೆ ದಾಟಿ, ಅವಳ ಮೊಬೈಲಿನವರೆಗೂ ಹೋಗಿ, ಅವಳು ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದಾಳೆ ಎನ್ನುವ ನಿಜವಾದ ಸದ್ದು. ಯಾರ ಜೊತೆ? ಪೊಲೀಸರೇ? ಅವನು ಇಟ್ಟು ಮತ್ತೆ ತಿರುಗಿಸಿದ. ಟೂಂ, ಟೂಂ. ಅವನಿಗೆ ದೇವರ ಹೆಸರೂ ನೆನಪಾಗಲಿಲ್ಲ. ಮತ್ತೊಮ್ಮೆ ತಿರುಗಿಸಿದಾಗ ಒಂದೇ ರಿಂಗಿಗೆ ಎತ್ತಿದಳು.

"ರೀ, ಆರತಿ ಸಿಕ್ಕಾಳ!" ಮಾಯಾ ಅಳುತ್ತಿದ್ದಳು. "ಈಗs ಫೋನ್ ಬಂತ್ರಿ, ಖಡಕಿ ಸ್ಟೇಶನ್ ಕಡಿ ಹೋಟೆಲಿನವ್ರು ಯಾರೋ, ಅವರ ಕಡಿ ಅದಾಳಂತ. ಸಾಲಿ ಬಿಟ್ಟದ್ದs ನನಗ ಗೊತ್ತಿದ್ದಿಲ್ಲ. ಎರಡು ತಾಸಿನಿಂದ ಮಾಡ್ಲಿಕತ್ತಾರಂತ, ಹತ್ತೇ ಇಲ್ಲಂತ. ಈಗ ಒಮ್ಮೆಲೆ ಹತ್ತೇತಿ."

ದೇವಾನಂದ ಹೋಟೆಲು ಎಲ್ಲಿ ಎಂದು ಕೇಳಿಕೊಂಡು ರಿಸೀವರ್ ಇಟ್ಟ. ಯಂತ್ರದ ಕೋಣೆಯ ತಣ್ಣನೆಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತುಬಿಟ್ಟ.

ಅವನು ಖಡಕಿ ಮುಟ್ಟುವುದರೊಳಗೆ ಮಾಯಾ ಹೋಳ್ಕರ್ ಸೇತುವೆ ದಾಟಿ ಬಂದಿದ್ದಳು. ಹೋಟೆಲು ಮೋಹನದಾಸ್ ಎಂಬವರದು, ಕುಂದಾಪುರದ ಕಡೆಯವರು. ಮಗುವನ್ನು ಕಂಡದ್ದು ಅವರ ಹೆಂಡತಿ ವಸಂತಿ. ಹಳಿಯ ಪಕ್ಕದ ಗೋಡೆಗೆ ಆತುಕೊಂಡು, ಮೊಣಕಾಲುದ್ದ ನೀರಿನಲ್ಲಿ, ಚೀಲ ತಲೆಯ ಮೇಲೆ ಹೊತ್ತು ನಿಂತಿತ್ತಂತೆ. ಯಾರದೋ ತಾಯಿಯ ಹಿಂದೆ ಶಾಲೆಯಿಂದ ಹೊರಟು, ಗುಂಪು ಬೇರೆ ಕಡೆ ತಿರುಗಿದಾಗ ದಾರಿ ತಪ್ಪಿತ್ತು.

"ಮನೆ ಎಲ್ಲಿ ಕೇಳಿದ್ರೆ ಅಜ್ಜಿ ಮನೆ ಅಂತ ಹೇಳ್ತಿತ್ತು ಮಾರಾಯ್ರೆ" ಎಂದರು ವಸಂತಿ. "ಅಮ್ಮನ ಮೊಬೈಲ್ ನಂಬರ್ ಮಾತ್ರ ಸರೀ ಬಾಯಿಪಾಠ ಉಂಟು. ಆದ್ರೆ ನಮ್ಮ ಫೋನಿಂದ ಹೋಗ್ಲೇ ಇಲ್ಲ. ಇವರು ಪೊಲೀಸ್ ಚೌಕಿಗೆ ಕೊಂಡ್ಹೋಗುವ ಅಂದ್ರು. ನನಗೆ ಮನಸ್ಸು ಬರ್ಲಿಲ್ಲ. ಇನ್ನೊಂದು ಸಲ ನೋಡುವ, ಇನ್ನೊಂದು ಸಲ ನೋಡುವ ಅಂತ ಒತ್ತುತ್ತಲೇ ಇದ್ದೆ."

ಆರತಿ ಯಾರದೋ ದೊಡ್ಡ ಅಂಗಿ ತೊಟ್ಟು ಒಳಗಿನ ಮಂಚದ ಮೇಲೆ ಕೂತಿದ್ದಳು. ಮೈ ಸುಡುತ್ತಿತ್ತು. ಮಾಯಾ ಎತ್ತಿಕೊಂಡಾಗ ಅವಳು ಅಳಲಿಲ್ಲ. ಸಿಟ್ಟಿನಿಂದ ಕೇಳಿದಳು: "ಫೋನಿನಾಗ ಇರೋ ಆ ಹೆಂಗಸು ಯಾಕ ನಿನ್ನ ಕರೀಲೇ ಇಲ್ಲ? ನಾ ಎಷ್ಟು ಸಲ ಕೇಳಿದೆ. ಬರೇ ಒಂದs ಮಾತ ಹೇಳ್ತಾಳ."

ಮಾಯಾ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ.

ಮಗುವಿನ ಜ್ವರ ಬಿಡಲು ಕೆಲವು ದಿನ ಹಿಡಿಯಿತು. ಆದರೆ ಮರುದಿನ ಬೆಳಿಗ್ಗೆಯೇ ದೇವಾನಂದ ಕಚೇರಿಗೆ ಹೋಗಿ ಸದಾನಂದರ ಕೋಣೆಯ ಬಾಗಿಲು ಹಾಕಿಕೊಂಡ. ಅವರು ಹೊಸ ಅಂಕಿಗಳನ್ನು ಮುಂದಿಟ್ಟುಕೊಂಡು ಬಿಳಿಚಿಕೊಂಡಿದ್ದರು.

"ನಾನs ತಗದೀನ್ರಿ ಸರ್."

"ಯಾರ ಆರ್ಡರ್?"

"ಯಾರದೂ ಇಲ್ಲ." ಅವನು ಆದದ್ದನ್ನೆಲ್ಲ ಹೇಳಿದ. ಅಂಬಾದಾಸನ ಹೆಸರೊಂದು ಬಿಟ್ಟು.

ಸದಾನಂದ ಅಂಕಿಗಳ ಹಾಳೆಯನ್ನು ಮಗುಚಿಟ್ಟರು. "ಹುಡುಗಿ ಹ್ಯಾಂಗಿದ್ದಾಳ?"

"ಜ್ವರ ಅದಾವ್ರಿ."

"ನೋಡು, ಈಗಿಂದೀಗ ಮುಚ್ಚಿಬಿಡು. ಯಂತ್ರದ ಫಾಲ್ಟಿನಿಂದ ತಗದಿತ್ತು ಅಂತ ನಾ ಬರೀತೀನಿ. ಇಬ್ಬರೂ ಉಳೀತೀವಿ."

"ನೀವು ಮುಚ್ರಿ ಸರ್. ನನ್ನ ಕೈಲೆ ಆಗಂಗಿಲ್ಲ."

ಸದಾನಂದ ಸಿಟ್ಟಿನಿಂದಲೇ ಎದ್ದು ಯಂತ್ರದ ಕೋಣೆಗೆ ಹೋದರು. ದೇವಾನಂದ ಹಿಂದೆ ಹೋಗಲಿಲ್ಲ. ಕುರ್ಚಿಯ ಹಿಡಿಕೆ ಹಿಡಿದು ನಿಂತುಕೊಂಡ. ಗಾಜಿನಾಚೆ ಅವರು ಪರದೆಯ ಮುಂದೆ ಕೂತು, ಕನ್ನಡಕ ಒರೆಸಿಕೊಂಡು, ತುಂಬಿ ಹರಿಯುತ್ತಿದ್ದ ಕರೆಗಳನ್ನು ನೋಡುವುದು ಕಾಣುತ್ತಿತ್ತು. ಕೀಲಿಮಣೆ ಮುಟ್ಟಲಿಲ್ಲ. ವಾಪಸು ಬಂದು, "ಮಧ್ಯಾಹ್ನ ನೋಡೂಣು" ಎಂದರು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಅವರು ಆ ಕಡೆ ಹೋಗಲಿಲ್ಲ.

ಆ ಮೇಲಿನ ದಿನಗಳನ್ನು ದೇವಾನಂದ ಹೇಗೆ ಕಳೆದನೋ ಅವನಿಗೇ ಗೊತ್ತು. ಮೇಜಿನ ಫೋನು ಹೊಡೆದುಕೊಂಡರೆ ಎದೆ ಹಾರುತ್ತಿತ್ತು, ಸುಮ್ಮನಿದ್ದರೆ ಇನ್ನೂ ಹೆಚ್ಚು. ಊಟದ ಹೊತ್ತಿಗೆ ಈಗ ಯಾರೂ ವಹಿನಿಯ ಬಗ್ಗೆ ಕೇಳುತ್ತಿರಲಿಲ್ಲ, ಅದೇ ಅವನನ್ನು ಹೆದರಿಸುತ್ತಿತ್ತು. ಮನೆಯಲ್ಲಿ ಮೊದಲ ಬಾರಿ ಎಲ್ಲ ಹೇಳಿಕೊಂಡ. ದಾರಿಗಳು ಎಂದಿನಿಂದ ಸಿದ್ಧವಿದ್ದವು ಎನ್ನುವುದನ್ನೂ.

ಮಾಯಾ ಕೂಗಾಡುತ್ತಾಳೆ ಎಂದುಕೊಂಡಿದ್ದ. ಅವಳು ಕೂಗಾಡಲಿಲ್ಲ. "ನಮ್ಮಲ್ಲೇನು ಕಡಿಮಿ?" ಎಂದಳು. "ಹತ್ತಂಗಿಲ್ಲ ಅಂತ ಗೊತ್ತಿದ್ದೂ ಕನೆಕ್ಷನ್ ಮಾರ್ಲಿಕತ್ತಾರ. ತಕರಾರು ಹೆಚ್ಚಾದಷ್ಟೂ ದಿಲ್ಲಿಯೊಳಗ ನಮ್ಮ ಕೇಸ್ ಸ್ಟ್ರಾಂಗ್ ಆಗ್ತದ ಅಂತ ಮ್ಯಾನೇಜರ್ ಖುಷಿಪಟ್ಟಿದ್ದು ನಾನs ಕೇಳೀನಿ. ನಿಮಗ ಹೇಳಿದ್ದಿಲ್ಲ."

ಮೂರನೇ ವಾರ ಸದಾನಂದ ಅವನನ್ನು ಕರೆದರು. ದಿಲ್ಲಿಯ ಸಭೆಯಲ್ಲಿ ತರಂಗ್‌ನವರು ತಕರಾರು ತೆಗೆದಾಗ ದಖನ್ ದೂರವಾಣಿಯವರು ತಮ್ಮ ಅಂಕಿ ತೋರಿಸಿ, ನಾವಾಗಿಯೇ ಮುಂದೆ ಬಂದು ದಾರಿ ಹೆಚ್ಚಿಸಿದ್ದೇವೆ ಎಂದು ವಾದಿಸಿದ್ದರು. ಮುಂಬಯಿಯ ಸಾಹೇಬರು ಅದಕ್ಕೆ ಹೆಸರೂ ಇಟ್ಟಿದ್ದರು: ಪ್ರೊಆಕ್ಟಿವ್ ಆಗ್ಮೆಂಟೇಶನ್. ಇನ್ನು ಆ ದಾರಿ ಮುಚ್ಚುವ ಹಾಗಿರಲಿಲ್ಲ. ದೇವಾನಂದನ ಎದೆಯ ಭಾರ ಅರ್ಧ ಇಳಿಯಿತು.

"ಇನ್ನೊಂದು ಅದ" ಎಂದರು ಸದಾನಂದ, ಅವನನ್ನು ನೋಡದೆ. "ನಿನ್ನ ಖರಾಡಿಗೆ ಹಾಕ್ಯಾರ. ಕೇಬಲ್ ಗೋದಾಮಿಗೆ. ರೀಡಿಪ್ಲಾಯ್‌ಮೆಂಟ್ ಅಂತಾರ. ಮನಿಯವರು ಎದುರು ಕಂಪನ್ಯಾಗ ಇದ್ದವ್ರು ಇಂಥಾ ಜಾಗಾದಾಗ ಇರಬಾರದು ಅಂತ."

"ಶಿಕ್ಷಾ ಅನ್ರಿ ಸರ್, ಸರಳ."

"ಆ ಶಬ್ದ ಎಲ್ಲೂ ಬರದಿಲ್ಲ. ಸಂಬಳ ಅದs ಅದ." ಸ್ವಲ್ಪ ತಡೆದು ಸೇರಿಸಿದರು, "ನಾ ನಿನ್ನ ಪರವಾಗಿ ಮಾತಾಡಬೇಕಿತ್ತು. ಆಗಲಿಲ್ಲ."

ಖರಾಡಿಯಲ್ಲಿ ಆಗಿನ್ನೂ ಐಟಿ ಪಾರ್ಕುಗಳು ಏಳುತ್ತಿದ್ದವು, ಎಲ್ಲೆಲ್ಲೂ ಕೆಸರು. ಕೇಬಲ್ ಸುರುಳಿಗಳ ನಡುವೆ ತಗಡಿನ ಶೆಡ್ಡಿನಲ್ಲಿ ಅವನ ಮೇಜು. ಮೊದಲ ದಿನಗಳಲ್ಲಿ ಅಪಮಾನ ಎನಿಸಿತು. ಎಷ್ಟೋ ದಿನಗಳ ಮೇಲೆ, ಮೂರನೇ ಮಹಡಿಯ ಆ ಬಾಗಿಲಿನ ಎದುರು ಕೂರುವ ಕೆಲಸ ತನ್ನದಲ್ಲ ಎನ್ನುವುದೇ ಒಂದು ನೆಮ್ಮದಿ ಅನ್ನಿಸತೊಡಗಿತು. ಆ ನೆಮ್ಮದಿಯನ್ನು ಅವನು ಪೂರ್ತಿ ನಂಬಲಿಲ್ಲ.

ಅತ್ತ ಮಾಯಾಳ ಕಚೇರಿಯಲ್ಲಿ ಈ ಕತೆ ಹೇಗೋ ಹಬ್ಬಿತ್ತು. ಮ್ಯಾನೇಜರು ಅವಳನ್ನು ಕರೆದು, ಕಳೆದ ಮಗು ನಮ್ಮ ಮೊಬೈಲಿನಿಂದ ಸಿಕ್ಕಿತು ಎಂದು ಜಾಹೀರಾತು ಮಾಡೋಣ, ಇದು ಕಸ್ಟಮರ್ ಡಿಲೈಟ್, ಆರತಿಯ ಫೋಟೊ ಕೊಡಿ ಎಂದರು.

"ಎರಡು ತಾಸು ಹತ್ತಲಿಲ್ಲ ಅನ್ನೋದೂ ಹಾಕ್ತೀರೇನು?" ಮಾಯಾ ಹಿಂದಿಯಲ್ಲಿ ಕೇಳಿದಳು.

"ಅದು ಅದರ್ ಎಂಡ್ ಇಶ್ಯೂ ಅಲ್ಲವೇ?"

"ನನ್ನ ಮಗಳು ಯಾವ ಎಂಡಿನಾಗ ಇದ್ದಳು ಸರ್?"

ಅವಳು ಫೋಟೊ ಕೊಡಲಿಲ್ಲ. ಆ ವರ್ಷ ಅವಳಿಗೆ ಸಿಗಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಯೆರವಡೆಯ ತಿರುವಿನಲ್ಲಿ ಒಂದು ದೊಡ್ಡ ಫಲಕ ಎದ್ದಿತು; ಅದರಲ್ಲಿ ಯಾವುದೋ ಗುಂಡು ಮುಖದ ಮಗು ಮೊಬೈಲು ಹಿಡಿದು ನಗುತ್ತಿತ್ತು. ಸ್ಕೂಟರಿನ ಹಿಂದೆ ಕೂತ ಮಾಯಾ ಅದನ್ನು ದಾಟುವಾಗಲೆಲ್ಲ ಗಂಡನ ಭುಜವನ್ನು ಸ್ವಲ್ಪ ಬಿಗಿಯಾಗಿ ಹಿಡಿಯುತ್ತಿದ್ದಳು.

ಆರತಿ ಜ್ವರದಿಂದ ಎದ್ದ ಮೇಲೂ ಮಳೆ ಬಂದರೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿಯುತ್ತಿದ್ದಳು. ಒಂದು ಬೆಳಿಗ್ಗೆ ದೇವಾನಂದ ತಾನೇ ಅವಳನ್ನು ಕರೆದುಕೊಂಡು ಹೋದ. ತರಗತಿಯ ಬಾಗಿಲವರೆಗೂ ಬಿಟ್ಟು, ಅಂದಿನ ಗುಮಾಸ್ತೆಯ ಬಳಿ ಬಂದು, ಮಗಳ ಹೆಸರಿನ ಮುಂದೆ ನಂಬರುಗಳನ್ನು ಹೊಸದಾಗಿ ಬರೆಸಿದ. ಗೋದಾಮಿನದು, ತನ್ನ ಮೊಬೈಲಿನದು, ಮನೆಯದು, ಮಾಯಾಳದು. ಕೊನೆಗೆ ಇನ್ನೊಂದು ಹೇಳಿದ. ಖಡಕಿ ಸ್ಟೇಶನ್ ಬಳಿಯ ಹೋಟೆಲು, ವಸಂತಿ ಎಂದು ಹೆಸರು.

ಗುಮಾಸ್ತೆ ಬರೆದುಕೊಂಡು ತಲೆ ಎತ್ತಿದಳು. "ನಾತಂ ಕಾಯ?" ಸಂಬಂಧ ಏನು ಎಂದು ಬರೆಯಬೇಕಿತ್ತು.

ಹೊರಗೆ ಮತ್ತೆ ಹನಿಯುತ್ತಿತ್ತು. ದೇವಾನಂದ ಕಿಟಕಿಯತ್ತ ನೋಡಿದ, ಸ್ವಲ್ಪ ಯೋಚಿಸಿದ.

"ಮಾವಶಿ" ಎಂದ. ಚಿಕ್ಕಮ್ಮ.

ಅವಳು ಹಾಗೇ ಬರೆದುಕೊಂಡಳು.